ಎರಡೂ ಸ್ಪೀಕರಿನ ವೈರ್ ಒಂದೇ ಉದ್ದ ಇರಲೇಬೇಕೆ?

ಪ್ರಶ್ನೆ: ನಮ್ಮ ಮನೆಯ ಹಜಾರದಲ್ಲಿ ಆಂಪ್ಲಿಫೈಯರ್ ಎಡಗಡೆಯ ಷೋಕೇಸಿನಲ್ಲಿದೆ. ಎಡ ಸ್ಪೀಕರಿಗೆ 3 ಮೀಟರ್ ವೈರ್ ಸಾಕು. ಬಲ ಸ್ಪೀಕರಿಗೆ ಬಾಗಿಲನ್ನು ಬಳಸಿ ಹೋಗಬೇಕಾದ್ದರಿಂದ 9 ಮೀಟರ್ ಬೇಕು. ಎರಡಕ್ಕೂ 9 ಮೀಟರನ್ನೇ ಹಾಕಬೇಕು, ಇಲ್ಲದಿದ್ದರೆ ಬಲಗಡೆಯ ಧ್ವನಿ ತಡವಾಗಿ ಬರುತ್ತದೆ ಎಂದು ಅಂಗಡಿಯವರು ಹೇಳಿದರು. ನಿಜವೇ?
– ಒಬ್ಬ ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ನಿಜವಲ್ಲ. ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂಬುದು ನನಗೇ ನೆನಪಿಲ್ಲ. ಎಡಕ್ಕೆ 3 ಮೀಟರ್, ಬಲಕ್ಕೆ 9 ಮೀಟರ್ ಹಾಕಿ ನಿಶ್ಚಿಂತೆಯಿಂದ ಹಾಡು ಕೇಳಿ ಎಂದು ಒಂದೇ ಮಾತಿನಲ್ಲಿ ಹೇಳಿ ನೋಡಿದ್ದೇನೆ. ಕೇಳಿದವರು ತಲೆಯಾಡಿಸಿ ಹೋಗಿ, ಷೋಕೇಸಿನ ಹಿಂದೆ 6 ಮೀಟರ್ ವೈರನ್ನು ಸುರುಳಿ ಸುತ್ತಿಯೇ ಇಟ್ಟಿದ್ದಾರೆ. ಆದಕಾರಣ ಈ ಬಾರಿ ಲೆಕ್ಕವನ್ನು ಬಿಡಿಸಿಯೇ ಬರೆಯುತ್ತೇನೆ.

ಎರಡು ಬೇರೆ ಬೇರೆ ವೇಗಗಳನ್ನು ಒಂದೆಂದು ತಿಳಿಯುವುದೇ ಈ ನಂಬಿಕೆಯ ಬುಡ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ದಸರೆಯ ಕುಶಾಲತೋಪನ್ನು ದೂರದಿಂದ ನೋಡುವವರಿಗೆ ಹೊಗೆ ಮೊದಲು ಕಂಡು ಸದ್ದು ಆಮೇಲೆ ಕೇಳುವುದು ಇದರಿಂದಲೇ. ವೈರಿನಲ್ಲಿ ಹೋಗುವುದಾದರೋ ಧ್ವನಿಯಲ್ಲ, ವಿದ್ಯುತ್ ಸಂಕೇತ. ಅದರ ವೇಗ ಬೆಳಕಿನ ವೇಗದ ಸುಮಾರು ಮೂರನೇ ಎರಡು ಭಾಗ, ಅಂದರೆ ಸೆಕೆಂಡಿಗೆ 2 ಲಕ್ಷ ಕಿಲೋಮೀಟರಿನ ಆಸುಪಾಸು. ನಿಮ್ಮ ಎರಡು ವೈರುಗಳ ನಡುವಿನ 6 ಮೀಟರ್ ವ್ಯತ್ಯಾಸವನ್ನು ಸಂಕೇತವು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ 30 ಭಾಗದಷ್ಟು ಸಮಯದಲ್ಲಿ ದಾಟುತ್ತದೆ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಧ್ವನಿ ಮುಂದಕ್ಕೆ ಹೋಗುವ ದೂರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ; ತಲೆಗೂದಲಿನ ದಪ್ಪ ಅದರ ಹಲವು ಪಟ್ಟು.

ವೈರಿನ ಇಂಡಕ್ಟನ್ಸಿನಿಂದಲೂ, ಅಂದರೆ ಕರೆಂಟಿನ ಏರಿಳಿತಕ್ಕೆ ಅಡ್ಡಬರುವ ಗುಣದಿಂದಲೂ, ವಿಳಂಬ ಸೇರುತ್ತದಲ್ಲ ಎಂದು ತಿಳಿದವರು ಕೇಳಬಹುದು. ಸೇರುತ್ತದೆ. ಅದನ್ನೂ ಧಾರಾಳವಾಗಿ ಕೂಡಿಸೋಣ. ಆಗಲೂ 6 ಮೀಟರಿಗೆ ಒಟ್ಟು ವಿಳಂಬ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವನ್ನು, ಅಂದರೆ ಒಂದು ಮೈಕ್ರೋಸೆಕೆಂಡನ್ನು ದಾಟುವುದಿಲ್ಲ. ಎರಡು ಕಿವಿಗಳಿಗೆ ಬರುವ ಶಬ್ದದ ನಡುವೆ ನುರಿತ ಕಿವಿ ಗುರುತಿಸಬಲ್ಲ ಅತಿ ಸಣ್ಣ ಕಾಲಾಂತರವೇ ಸುಮಾರು ಹತ್ತು ಮೈಕ್ರೋಸೆಕೆಂಡು. ನೀವು ಕುರ್ಚಿಯಲ್ಲಿ ಒಂದು ಸೆಂಟಿಮೀಟರ್ ಪಕ್ಕಕ್ಕೆ ವಾಲಿಕೊಂಡು ಒಂದು ಸ್ಪೀಕರಿಗೆ ಅಷ್ಟು ಹತ್ತಿರವಾದರೆ, ಅದರ ಧ್ವನಿ 29 ಮೈಕ್ರೋಸೆಕೆಂಡು ಮೊದಲೇ ಬಂದುಬಿಡುತ್ತದೆ. ವೈರನ್ನು ಅಳೆದು ಕತ್ತರಿಸುವ ಶ್ರದ್ಧೆಯನ್ನು ಎರಡು ಸ್ಪೀಕರುಗಳಿಂದ ನಿಮ್ಮ ಕುರ್ಚಿಗಿರುವ ದೂರವನ್ನು ಅಳೆಯುವುದರಲ್ಲಿ ತೋರಿಸಿದರೆ, ಗಾಯಕರ ಧ್ವನಿ ಅಂದೇ ನಟ್ಟನಡುವೆ ಬಂದು ನಿಲ್ಲುತ್ತದೆ.

ಸುರುಳಿ ಸುತ್ತಿದರೆ ವೈರ್ ಕಾಯಿಲ್ ಆಗಿ ಧ್ವನಿಯನ್ನು ತಡೆಯುತ್ತದೆ ಎಂದು ಹೆದರುವವರೂ ಇದ್ದಾರೆ. ಜೋಡಿ ವೈರಿನಲ್ಲಿ ಹೋಗುವ ಕರೆಂಟು ಮತ್ತು ಮರಳುವ ಕರೆಂಟು ಪಕ್ಕಪಕ್ಕದಲ್ಲೇ ವಿರುದ್ಧ ದಿಕ್ಕಿಗೆ ಹರಿಯುವುದರಿಂದ ಅವುಗಳ ಕಾಂತಕ್ಷೇತ್ರಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸುತ್ತವೆ. ಸುರುಳಿಯಿಂದ ಕೇಡಿಲ್ಲ, ಆ 6 ಮೀಟರಿಗೆ ಕೊಟ್ಟ ಹಣ ಮಾತ್ರ ವ್ಯರ್ಥ.

ಉದ್ದ ನಿಜವಾಗಿ ಲೆಕ್ಕಕ್ಕೆ ಬರುವುದು ರೋಧದಲ್ಲಿ, ಅಂದರೆ ಕರೆಂಟಿನ ಹರಿವಿಗೆ ವೈರ್ ಒಡ್ಡುವ ತಡೆಯಲ್ಲಿ. 1.5 ಸ್ಕ್ವೇರ್ ಎಂಎಂ ತಾಮ್ರದ ಫ್ಲೆಕ್ಸಿಬಲ್ ಜೋಡಿ ವೈರಿನ ಒಂದೊಂದು ಬದಿಗೂ ಮೀಟರಿಗೆ ಸುಮಾರು 0.013 ಓಮ್ ರೋಧವಿದೆ. ಹೋಗಿ ಬರುವ ಎರಡೂ ದಾರಿಗಳನ್ನು ಎಣಿಸಿದರೆ ನಿಮ್ಮ ಎಡಗಡೆಗೆ 0.08 ಓಮ್, ಬಲಗಡೆಗೆ 0.24 ಓಮ್. 8 ಓಮಿನ ಸ್ಪೀಕರಿನಲ್ಲಿ ಇವುಗಳಿಂದ ಧ್ವನಿಯ ಮಟ್ಟದಲ್ಲಾಗುವ ವ್ಯತ್ಯಾಸ 0.2 ಡೆಸಿಬೆಲ್ಲಿಗೂ ಕಡಿಮೆ. ಹಾಡು ಕೇಳುವಾಗ ಅದು ಗಮನಕ್ಕೆ ಬರುವಂಥದ್ದಲ್ಲ. ಅದೇ 0.5 ಸ್ಕ್ವೇರ್ ಎಂಎಂ ಸಣ್ಣ ವೈರ್ ಹಾಕಿದರೆ ವ್ಯತ್ಯಾಸ ಅರ್ಧ ಡೆಸಿಬೆಲ್ಲಿಗೆ ಏರುತ್ತದೆ. ಅದಕ್ಕೆ ಪರಿಹಾರ ದಪ್ಪ ವೈರೇ ಹೊರತು ಎರಡು ಕಡೆಗೂ ಸಮನಾಗಿ ನಷ್ಟ ಮಾಡಿಕೊಳ್ಳುವುದಲ್ಲ. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ ಅಥವಾ ಬೇರಾವುದೋ ಲೋಹ. ಅಲ್ಯೂಮಿನಿಯಮ್ಮಿನದಾದರೆ ಅಷ್ಟೇ ದಪ್ಪದ ಅಪ್ಪಟ ತಾಮ್ರಕ್ಕಿಂತ ರೋಧ ಸುಮಾರು ಒಂದೂವರೆ ಪಟ್ಟು.

ಆದರೆ ನಾನು ಕಂಡ ಮನೆಗಳಲ್ಲಿ ಧ್ವನಿ ಕೆಟ್ಟಿದ್ದು ವೈರಿನ ನಡುವೆ ಅಲ್ಲ, ತುದಿಯಲ್ಲಿ. ಮಂಡ್ಯದಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಎರಡೂ ವೈರನ್ನು ಒಂದೇ ಅಳತೆಗೆ ಕತ್ತರಿಸಿದ್ದರು. ಮೃದಂಗದ ಎಡಮುಖದ ಗುಮುಕಿ, ಅಂದರೆ ಗುಂಯ್ ಎನ್ನುವ ಮಂದ್ರ ನಾದ, ಮಾತ್ರ ಕೇಳುತ್ತಲೇ ಇರಲಿಲ್ಲ. ಒಂದು ಸ್ಪೀಕರಿನಲ್ಲಿ ಪ್ಲಸ್ ಮತ್ತು ಮೈನಸ್ ಅದಲುಬದಲಾಗಿತ್ತು. ಒಂದರ ಕೋನು ಮುಂದಕ್ಕೆ ತಳ್ಳುವಾಗ ಇನ್ನೊಂದರದ್ದು ಹಿಂದಕ್ಕೆ ಎಳೆದರೆ ಮಂದ್ರದ ನಾದ ಗಾಳಿಯಲ್ಲೇ ಕರಗಿಹೋಗುತ್ತದೆ. ಜೋಡಿ ವೈರಿನ ಎರಡೂ ಬದಿ ಒಂದೇ ಬಣ್ಣದ್ದಾದರೆ ಹೊದಿಕೆಯ ಮೇಲೆ ಒಂದು ಗೆರೆಯೋ ಉಬ್ಬು ಏಣೋ ಇರುತ್ತದೆ; ಅದನ್ನೇ ಗುರುತಾಗಿಟ್ಟುಕೊಳ್ಳಬೇಕು. ಅನುಮಾನವಿದ್ದರೆ ಆಂಪ್ಲಿಫೈಯರಿನಿಂದ ವೈರನ್ನು ಬಿಡಿಸಿ, 1.5 ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ತಾಗಿಸಿ: ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್ಸಿಗೆ ಸೇರಿದ್ದರೆ ದೊಡ್ಡ ಕೋನು ಸಾಮಾನ್ಯವಾಗಿ ಹೊರಕ್ಕೆ ಜಿಗಿಯುತ್ತದೆ. ಎರಡೂ ಸ್ಪೀಕರಿನಲ್ಲಿ ಅದು ಒಂದೇ ದಿಕ್ಕಿಗೆ ಜಿಗಿಯಬೇಕು.

ಎಳೆಗಳನ್ನು ಬಿಗಿಯಾಗಿ ಹೊಸೆದು, ಒಂದೂ ಹೊರಚಾಚದಂತೆ ಸ್ಕ್ರೂ ಬಿಗಿಯಿರಿ. ಪಕ್ಕದ ಟರ್ಮಿನಲ್ಲಿಗೆ ತಾಗುವ ಒಂದೇ ಎಳೆ ಆಂಪ್ಲಿಫೈಯರಿನ ಟ್ರಾನ್ಸಿಸ್ಟರುಗಳನ್ನು ಸುಡಬಲ್ಲದು. ತುದಿಗೆ ಬೆಸುಗೆ ಹಚ್ಚಿ ಸ್ಕ್ರೂ ಕೆಳಗೆ ಇಡುವ ಅಭ್ಯಾಸ ಬೇಡ. ಬೆಸುಗೆಯ ಲೋಹ ಮೆದು. ತಿಂಗಳುಗಳು ಕಳೆದಂತೆ ಒತ್ತಡಕ್ಕೆ ಜಗ್ಗಿ ಸಡಿಲವಾಗುತ್ತದೆ. ತುದಿಗೆ ಪಿನ್ ಲಗ್ ಎಂಬ ಲೋಹದ ಕೊಳವೆ ಹಾಕಿ ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡುವುದು ಮೇಲು.

ಇಷ್ಟು ಹೇಳಿದ ಮೇಲೆ, ಕೇಳದಿದ್ದರೂ ಇನ್ನೊಂದನ್ನು ಹೇಳಬೇಕೆನಿಸುತ್ತದೆ. ಮನೆಯ 9 ಮೀಟರಿಗೇ ಇಷ್ಟು ಯೋಚಿಸುವಾಗ, ಮಾರಿಹಬ್ಬದಲ್ಲಿ ಊರಾಚೆಯ ಕಬ್ಬಿನ ಗದ್ದೆಯ ಅಂಚಿಗೆ ಕಟ್ಟಿದ ಹಾರ್ನು ಸಣ್ಣ ವೈರಿನಲ್ಲೇ ಮೊಳಗುವುದು ಹೇಗೆ? 200 ಮೀಟರ್ ದೂರಕ್ಕೆ 1 ಸ್ಕ್ವೇರ್ ಎಂಎಂ ವೈರ್ ಎಳೆದರೆ ಹೋಗಿ ಬರುವ ರೋಧ ಸುಮಾರು 7.8 ಓಮ್. 8 ಓಮಿನ ಹಾರ್ನನ್ನು ನೇರವಾಗಿ ಜೋಡಿಸಿದರೆ ಅರ್ಧದಷ್ಟು ವೋಲ್ಟೇಜ್ ವೈರಿನಲ್ಲೇ ಕಳೆದುಹೋಗುತ್ತದೆ. ಮೈಕ್ ಸೆಟ್ಟಿನವರು ಹಾಗೆ ಮಾಡದೆ 100 ವೋಲ್ಟಿನ ಲೈನ್ ಬಳಸುತ್ತಾರೆ: ಆಂಪ್ಲಿಫೈಯರ್ ವೋಲ್ಟೇಜನ್ನು ಏರಿಸಿ ಕಳಿಸುತ್ತದೆ, ಹಾರ್ನಿನ ಬಳಿಯ ಸಣ್ಣ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸಿಕೊಳ್ಳುತ್ತದೆ. 30 ವ್ಯಾಟಿನ ಹಾರ್ನಿಗೆ ಆಗ 0.3 ಆಂಪಿಯರ್ ಕರೆಂಟು ಸಾಕು. ವೈರಿನಲ್ಲಿ ಕಳೆಯುವ ವೋಲ್ಟೇಜು ನೂರಕ್ಕೆ ಎರಡು ಮೂರು ಪಾಲು ಮಾತ್ರ. ಮಂಡ್ಯ ಜಿಲ್ಲೆಯವರಿಗೆ ಈ ಉಪಾಯ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದೂ ಹೀಗೆಯೇ, ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ, ಕರೆಂಟನ್ನು ತಗ್ಗಿಸಿ.

ಈ ಲೈನಿಗೆ ಎಷ್ಟು ಹಾರ್ನು ಕಟ್ಟಿದರೂ ಅವುಗಳ ವ್ಯಾಟುಗಳ ಒಟ್ಟು ಮೊತ್ತ ಆಂಪ್ಲಿಫೈಯರಿನ ವ್ಯಾಟನ್ನು ಮೀರಬಾರದು. ಟ್ರಾನ್ಸ್‌ಫಾರ್ಮರ್ ಇಲ್ಲದ ಮನೆಯ ಸ್ಪೀಕರನ್ನು 100 ವೋಲ್ಟಿನ ಟರ್ಮಿನಲ್ಲಿಗೆ ಪರೀಕ್ಷೆಗೆಂದೂ ಜೋಡಿಸಬೇಡಿ.