ಬೇಜು: ಅಕ್ಕಿಯೊಳಗಿನ ಎಂಬತ್ತೆಂಟು

ಜಪಾನಿನಲ್ಲಿ 88 ವರ್ಷ ಬದುಕಿದವರಿಗೆ ಮನೆಯವರು ಮಾಡುವ ಸಂಭ್ರಮದ ಹೆಸರು ಬೇಜು. 'ಬೇ' ಅಂದರೆ ಅಕ್ಕಿ, 'ಜು' ಅಂದರೆ ದೀರ್ಘಾಯುಷ್ಯ. ಅಕ್ಕಿಗೂ ಎಂಬತ್ತೆಂಟಕ್ಕೂ ಎಲ್ಲಿಯ ನಂಟು?

ನಂಟು ಇರುವುದು ಬರವಣಿಗೆಯಲ್ಲಿ. ಅವರು ಅಕ್ಕಿ ಎಂದು ಬರೆಯುವ ಅಕ್ಷರವನ್ನು ಬಿಡಿಸಿದರೆ ಮೇಲೆ ತಲೆಕೆಳಗಾದ ಎಂಟು, ನಡುವೆ ಹತ್ತು, ಕೆಳಗೆ ಇನ್ನೊಂದು ಎಂಟು ಸಿಗುತ್ತದೆ. ಎಂಟು-ಹತ್ತು-ಎಂಟು, ಅಂದರೆ ಎಂಬತ್ತೆಂಟು. ನಮ್ಮ 'ಎಂಬತ್ತು' ಕೂಡ ಎಂಟು ಹತ್ತು ಸೇರಿ ಆದದ್ದೇ ಅಲ್ವಾ? ಹಾಗಾಗಿ ಈ ಲೆಕ್ಕ ನಮಗೆ ಬೇಗ ಹಿಡಿಸುತ್ತದೆ.

ಭತ್ತ ಅಕ್ಕಿಯಾಗಿ ತಟ್ಟೆಗೆ ಬರಲು ರೈತ 88 ಸಲ ಕೈಯಾಡಿಸಬೇಕು ಎಂಬ ಮಾತೂ ಅಲ್ಲಿದೆ. ಯಾರೋ ಗದ್ದೆಯ ಬದುವಿನಲ್ಲಿ ಕೂತು ಎಣಿಸಿದ್ದಲ್ಲ, ಅಕ್ಷರ ನೋಡಿಯೇ ಹುಟ್ಟಿದ ಮಾತು ಅನ್ನಿಸುತ್ತದೆ. ಆದರೆ ಸಸಿಮಡಿ, ನಾಟಿ, ಕಳೆ, ಕೊಯ್ಲು ಎಲ್ಲ ಕಂಡವರಿಗೆ ಆ ಸಂಖ್ಯೆ ಜಾಸ್ತಿ ಅನ್ನಿಸಲಾರದು.

ಹಳೆಯ ಪದ್ಧತಿಯಲ್ಲಿ ಮಗು ಹುಟ್ಟುತ್ತಲೇ ಒಂದು ವರ್ಷದ್ದು. ಆದ್ದರಿಂದ 87 ತುಂಬಿದಾಗಲೇ ಬೇಜು ಮಾಡುವವರೂ ಇದ್ದಾರೆ. ನಮ್ಮಲ್ಲಿ 'ಎಂಬತ್ತೆಂಟಕ್ಕೆ ಬಿತ್ತು' ಅನ್ನುತ್ತಾರಲ್ಲ, ಹಾಗೆ.

ಬೇಜು ಅಂದಾಗ ನನಗೆ ನೆನಪಾಗುವುದು ಜಿರೋಎಮೊನ್ ಕಿಮುರಾ. 1897ರಲ್ಲಿ ಈಗಿನ ಕ್ಯೋತಾಂಗೊ ಊರಿನ ಕಡೆ ರೈತರ ಮನೆಯಲ್ಲಿ ಹುಟ್ಟಿದವರು. ಮೊದಲ ಹೆಸರು ಕಿಂಜಿರೋ ಮಿಯಾಕೆ. ಮದುವೆಯಾಗಿ ಹೆಂಡತಿಯ ಮನೆತನ ಸೇರಿದರು, ಆ ಮನೆಯ ಹಿರಿಯರು ತಲೆತಲಾಂತರದಿಂದ ಇಟ್ಟುಕೊಂಡು ಬಂದ ಹೆಸರನ್ನೇ ತಾವೂ ಹೊತ್ತರು. ಸುಮಾರು 40 ವರ್ಷ ಅಂಚೆ ಇಲಾಖೆಯಲ್ಲಿ ದುಡಿದರು. ನಿವೃತ್ತಿಯಾದ ಮೇಲೆ ಸುಮ್ನೆ ಕೂರಲಿಲ್ಲ, ಮಗನ ಜೊತೆ ಬೇಸಾಯಕ್ಕೆ ಇಳಿದರು. 90ರ ಸುಮಾರಿಗೆ ಕೆಲಸ ಬಿಟ್ಟರಂತೆ. ಲೆಕ್ಕ ಹಾಕಿ: 1985ರಲ್ಲಿ ಅವರಿಗೆ 88 ತುಂಬಿದಾಗ ಇನ್ನೂ ಮಣ್ಣಿನ ಕೆಲಸದಲ್ಲೇ ಇದ್ದರು! ಗುಟ್ಟೇನು ಅಂತ ಕೇಳಿದವರಿಗೆ, ಊಟ ಮಿತವಾಗಿರಲಿ ಅನ್ನುತ್ತಿದ್ದರು. 2013ರ ಜೂನ್ 12ರಂದು, 116 ದಾಟಿ 54 ದಿನಕ್ಕೆ ತೀರಿಕೊಂಡರು. ಪಕ್ಕಾ ದಾಖಲೆ ಇರುವ ಗಂಡಸರಲ್ಲಿ ಇಷ್ಟು ಕಾಲ ಬದುಕಿದವರು ಇನ್ನೊಬ್ಬರಿಲ್ಲ.

ಬೇಜುವಿಗೆ ಅಣ್ಣತಮ್ಮಂದಿರೂ ಇದ್ದಾರೆ. 60ಕ್ಕೆ ಕಾನ್ರೆಕಿ. ಇದು ನಮ್ಮ ಷಷ್ಟ್ಯಬ್ದಿಯ ಹಾಗೆಯೇ, ಅರವತ್ತು ವರ್ಷದ ಚಕ್ರ ಒಂದು ಸುತ್ತು ಮುಗಿಸಿದ ಲೆಕ್ಕ. ನನಗೆ ಇಷ್ಟವಾದದ್ದು 99ರ ಹಾಕುಜು: 'ನೂರು' ಎಂಬ ಅಕ್ಷರದ ಮೇಲಿನ ಒಂದು ಗೆರೆ, ಅಂದರೆ 'ಒಂದು', ತೆಗೆದರೆ ಉಳಿಯುವುದು 'ಬಿಳಿ' ಎಂಬ ಅಕ್ಷರ. ಅದೇ ಹಾಕು. 108ಕ್ಕೆ ಚಾಜು, ಅಲ್ಲಿ ಅಕ್ಕಿಯ ಬದಲು ಚಹಾ ಎಂಬ ಅಕ್ಷರದಲ್ಲಿ ಲೆಕ್ಕ ಅಡಗಿದೆ. 2005ರಲ್ಲಿ ಕಿಮುರಾ ಅದನ್ನೂ ದಾಟಿದರು.

ಕಾನ್ರೆಕಿ ಎರಡು ಸುತ್ತು ಬಂದರೆ, ಅಂದರೆ 120ಕ್ಕೆ, ದೈಕಾನ್ರೆಕಿ. ತೊಕುನೊಶಿಮಾ ದ್ವೀಪದ ಕಬ್ಬು ಬೆಳೆಗಾರ ಶಿಗೆಚಿಯೊ ಇಜುಮಿ ಅಲ್ಲಿಗೂ ಮುಟ್ಟಿದರು ಎಂದು ಒಂದು ಕಾಲದಲ್ಲಿ ಗಿನ್ನೆಸ್ ಪುಸ್ತಕವೇ ಒಪ್ಪಿತ್ತು. ಅವರು ತೀರಿಕೊಂಡದ್ದು 1986ರಲ್ಲಿ. ಆಮೇಲೆ ಹುಟ್ಟಿದ ವರ್ಷದ ಬಗ್ಗೆ ಅನುಮಾನ ಬಂದು ಆ ದಾಖಲೆಯನ್ನು ಕೈಬಿಟ್ಟರು.