ಎಂಜಿಬಿಯ ಗಂಟಲಿಗೆ ಕೈಹಾಕುವ ಮುನ್ನ

ಹೋದ ಮಳೆಗಾಲಕ್ಕೆ ಸ್ವಲ್ಪ ಮುಂಚೆ 1966ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದು ನಮ್ಮ ಶೆಡ್ಡಿಗೆ ಬಂತು. ಅದು ತಿರುವಿನಲ್ಲಿ ಇರುವಾಗಲೇ ಎದುರು ಮನೆಯ ನಾಯಿ ಬೊಗಳಲು ಶುರು ಮಾಡಿತ್ತು. ಮಾಲೀಕರು ಎರಡು ತಿಂಗಳ ಹಿಂದೆ ಬೇರೊಂದು ಕಡೆ ಸೈಲೆನ್ಸರ್ ಎರಡನ್ನೂ ಕತ್ತರಿಸಿ ತೆಗೆಸಿ, ಎರಡೂವರೆ ಇಂಚಿನ ನೇರ ಪೈಪು ಹಾಕಿಸಿದ್ದರು. ಈಗ ಮೈಸೂರಿಗೆ ಹೊರಟರೆ ಬಿಡದಿ ದಾಟುವಷ್ಟರಲ್ಲಿ ತಲೆ ಸಿಡಿಯುತ್ತದಂತೆ, ಮನೆಯವರು ಆ ಕಾರು ಹತ್ತುವುದನ್ನೇ ಬಿಟ್ಟಿದ್ದಾರಂತೆ. "ಸದ್ದು ಜಾಸ್ತಿ ಆಯ್ತು, ಆದ್ರೆ ಏರಿನಲ್ಲಿ ಗಾಡಿ ಎಳೀತಾ ಇಲ್ಲ" ಎಂದರು.

ಸದ್ದು ಬೇಕೆನ್ನುವ ಆಸೆಯಲ್ಲಿ ತಪ್ಪೇನೂ ಇಲ್ಲ. ಛಾವಣಿ ಮಡಚಿ ಕೂತಾಗ ಬೆನ್ನ ಹಿಂದೆ ಎಂಜಿನ್ ಮಾತಾಡುವುದು ಕೇಳಿಸಬೇಕು, ಅದಕ್ಕಾಗಿಯೇ ಇಂಥ ಕಾರು ಇಟ್ಟುಕೊಳ್ಳುವುದು. ಆದರೆ ಅವರಿಗೆ ಬೇಕಾಗಿದ್ದದ್ದು ಆ ದನಿ. ಕೈಗೆ ಬಂದದ್ದು ಗದ್ದಲ. ಎರಡಕ್ಕೂ ಪೈಪಿನ ಕೆಲಸ ಬೇರೆ ಬೇರೆ.

ಈ ಎಂಜಿನ್ ನಮ್ಮವರಿಗೆ ಅಪರಿಚಿತವಲ್ಲ. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಪೆಟ್ರೋಲ್ ಅಂಬಾಸಿಡರ್‌ನಲ್ಲಿ ದಶಕಗಟ್ಟಲೆ ದುಡಿದ 1489 ಸಿಸಿ ಎಂಜಿನ್ ಇದೇ ಮನೆತನದ್ದು, ಎಂಜಿಬಿಯದ್ದು 1798 ಸಿಸಿ. ನಾನು ಕೆಲಸ ಕಲಿತದ್ದೇ ಅಂಬಾಸಿಡರ್ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಬಿಚ್ಚಿ. ಆ ಹೆಡ್ಡನ್ನು ಪಕ್ಕದಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ: ಸಿಲಿಂಡರ್ ನಾಲ್ಕು, ಹೊಗೆ ಹೊರಬರುವ ಬಾಯಿ ಮೂರೇ. ಎರಡನೆಯ ಮತ್ತು ಮೂರನೆಯ ಸಿಲಿಂಡರ್‌ಗಳಿಗೆ ನಡುವಿನ ಒಂದೇ ಬಾಯಿ. ಸಿಲಿಂಡರ್‌ಗಳು ಸಿಡಿಯುವ ಕ್ರಮ 1-3-4-2 ಆದ್ದರಿಂದ ನಡುವಿನ ಬಾಯಿ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಮ್ಮೆ ಉಸಿರು ಬಿಟ್ಟರೆ, ತುದಿಯವು ಎರಡು ಸುತ್ತಿಗೊಮ್ಮೆ ಬಿಡುತ್ತವೆ. ಕಾರ್ಖಾನೆಯವರ ಮ್ಯಾನಿಫೋಲ್ಡ್, ಅಂದರೆ ಆ ಬಾಯಿಗಳಿಗೆ ಕೂರುವ ಕವಲು ಕೊಳವೆ, ತುದಿಯವೆರಡನ್ನು ಒಂದು ಜೋಡಿ ಮಾಡಿ, ನಡುವಿನದನ್ನು ಬೇರೆಯಾಗಿಯೇ ಇಳಿಸುತ್ತದೆ, ಎರಡೂ ಕೂಡುವುದು ಕೆಳಪೈಪಿನಲ್ಲಿ. ಎರಕದ ಕಬ್ಬಿಣದ ಆ ತುಂಡು ನೋಡಲು ಒರಟು, ಆದರೆ ಲೆಕ್ಕ ಹಾಕಿ ಮಾಡಿದ್ದು. ಅದನ್ನು ಬಿಸಾಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

"ಎಂಜಿನ್‌ಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕು" ಎಂಬ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತದೆ. ಅದು ಸರಿಯಲ್ಲ. ಯಾವ ಎಂಜಿನ್ನಿಗೂ ಹೊಗೆಗೆ ಅಡ್ಡಗಟ್ಟುವುದು ಬೇಕಿಲ್ಲ. ಬೇಕಿರುವುದು ಹೊಗೆಯ ವೇಗ. ವೇಗವಾಗಿ ಹೋದ ಒಂದು ಉಸಿರು ತನ್ನ ಹಿಂದೆ ಮುಂದಿನದನ್ನು ಎಳೆದುಕೊಳ್ಳುತ್ತದೆ. ಪೈಪು ದೊಡ್ಡದಾದಷ್ಟೂ ಆ ವೇಗ ಇಳಿಯುತ್ತದೆ. ಸುಮಾರು ಒಂದೂ ಮುಕ್ಕಾಲು ಇಂಚಿನ ಪೈಪು ಇದ್ದ ಜಾಗಕ್ಕೆ ಎರಡೂವರೆ ಇಂಚು ಹಾಕಿದರೆ ಒಳಗಿನ ವಿಸ್ತಾರ ದುಪ್ಪಟ್ಟಾಗುತ್ತದೆ. ಏರಿನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಗಾಡಿ ಮಂಕಾಗಿದ್ದು ಅದಕ್ಕೇ.

ಇನ್ನು ತಲೆನೋವು. ಓವರ್‌ಡ್ರೈವ್ ಎಂಬ ಹೆಚ್ಚುವರಿ ಗೇರು ಇಲ್ಲದ ಎಂಜಿಬಿ ನಾಲ್ಕನೇ ಗೇರಿನಲ್ಲಿ 3000 ಆರ್‌ಪಿಎಂಗೆ ಗಂಟೆಗೆ ಸುಮಾರು 87 ಕಿ.ಮೀ. ಹೋಗುತ್ತದೆ, ಅಂದರೆ ಹೆದ್ದಾರಿಯಲ್ಲಿ ನಾವು ನೆಮ್ಮದಿಯಾಗಿ ಓಡಿಸುವ ವೇಗ. ನಾಲ್ಕು ಸಿಲಿಂಡರಿನ ಎಂಜಿನ್ ಆಗ ಸೆಕೆಂಡಿಗೆ 100 ಬಾರಿ ಸಿಡಿಯುತ್ತದೆ. 100 ಹರ್ಟ್ಸ್‌ನ ಆ ಗುಂಯ್‌ಗುಡುವಿಕೆ ಚಿಕ್ಕ ಕ್ಯಾಬಿನ್ನಿನಲ್ಲಿ ತುಂಬಿಕೊಂಡು ಎದೆಗೂ ಹಣೆಗೂ ಒತ್ತುತ್ತದೆ. ಬೀದಿಯಲ್ಲಿ ನಿಂತು ಕೇಳುವವನಿಗೆ ಅದು ಗೊತ್ತಾಗುವುದೇ ಇಲ್ಲ. ಅದನ್ನು ತಡೆಯಲು ಪೈಪಿಗೆ ತುದಿ ಮುಚ್ಚಿದ ಕವಲೊಂದನ್ನು ಬೆಸೆಯುವ ಉಪಾಯವಿದೆ. ಅಲೆಯ ಕಾಲುಭಾಗದಷ್ಟು ಉದ್ದವಿದ್ದರೆ ಆ ಸ್ವರ ಮಾತ್ರ ಅಡಗುತ್ತದೆ. ಬಿಸಿ ಹೊಗೆಯಲ್ಲಿ ಲೆಕ್ಕ ಹಾಕಿದರೆ ಅದು ಹತ್ತಿರ ಹತ್ತಿರ ನಾಲ್ಕು ಅಡಿ. ನೆಲಕ್ಕೆ ಅಂಟಿದಂತಿರುವ ಎಂಜಿಬಿಯ ಹೊಟ್ಟೆಯಡಿ ಅಷ್ಟು ಜಾಗ ಎಲ್ಲಿಂದ ತರುವುದು? ಹಾಗಾಗಿ ಮುಂದಿನ ಸೈಲೆನ್ಸರ್ ಡಬ್ಬಿಯನ್ನು ಉಳಿಸಿಕೊಳ್ಳಲೇಬೇಕು. ಜೋರು ಬೇಕಿದ್ದರೆ ಹಿಂದಿನ ಡಬ್ಬಿಯಲ್ಲಿ ಕೈಚಳಕ ತೋರಿಸಿ.

ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಒಬ್ಬರು ಹಿಂದೆ ಕೂತು ದಪ್ಪ ಬಟ್ಟೆಯಿಂದ ಪೈಪಿನ ಬಾಯನ್ನು ಅರೆಕ್ಷಣ ಒತ್ತಬೇಕು. ಹೊಗೆ ಎಲ್ಲಿ ಸೋರುತ್ತದೆಂದು ತಿಳಿಯಲು ಮತ್ತೊಬ್ಬರು ಬಾನೆಟ್ಟಿಗೆ ಕಿವಿಕೊಡಬೇಕು. ಈ ಕಾರಿನಲ್ಲಿ ಮ್ಯಾನಿಫೋಲ್ಡ್ ಹತ್ತಿರ ಚುಸ್ ಚುಸ್ ಎಂದು ಸ್ಪಷ್ಟವಾಗಿ ಕೇಳಿತು. ಬಿ-ಸೀರೀಸ್‌ನಲ್ಲಿ ಕಾರ್ಬುರೇಟರಿನ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಗ್ಯಾಸ್ಕೆಟ್ಟಿನ ಮೇಲೆ ಕೂರುತ್ತವೆ. ನಡುವಿನ ಸ್ಟಡ್ಡುಗಳ ಒಂದೊಂದು ದಪ್ಪ ವಾಷರು ಎರಡನ್ನೂ ಒಟ್ಟಿಗೆ ಅದುಮಬೇಕು. ಎರಡು ಅಂಚುಗಳ ದಪ್ಪದಲ್ಲಿ ಉಗುರಿನಷ್ಟು ವ್ಯತ್ಯಾಸವಿದ್ದರೂ ವಾಷರು ವಾಲಿಕೊಂಡು ಒಂದನ್ನು ಹಿಡಿಯುತ್ತದೆ, ಇನ್ನೊಂದನ್ನು ಬಿಡುತ್ತದೆ. ಇಲ್ಲೂ ಹಾಗೆಯೇ ಆಗಿತ್ತು. ಆಕ್ಸಿಲರೇಟರ್ ಬಿಟ್ಟಾಗ ಬರುವ ಪಟಪಟ ಸದ್ದನ್ನು ಮಾಲೀಕರು ಇಷ್ಟಪಟ್ಟಿದ್ದರು. ಅದು ಸಂದಿಯಿಂದ ಒಳಹೊಕ್ಕ ಗಾಳಿ ಪೈಪಿನಲ್ಲಿ ಉಳಿದ ಪೆಟ್ರೋಲನ್ನು ಸುಡುತ್ತಿದ್ದ ಸದ್ದು. ನಮ್ಮ ಹುಡುಗ ಲೇತಿನಲ್ಲಿ ಮೆಟ್ಟಿಲು ಕೊಟ್ಟು ಹೊಸ ವಾಷರ್ ತೆಗೆದ, ಗ್ಯಾಸ್ಕೆಟ್ ಹೊಸದು ಹಾಕಿದೆವು, ಅರ್ಧ ಗದ್ದಲ ಅಲ್ಲೇ ನಿಂತಿತು.

ಆಮೇಲೆ ಒಂದೂ ಮುಕ್ಕಾಲು ಇಂಚಿನ ಪೈಪು ವಾಪಸ್ ಹಾಕಿ, ಮುಂದೆ ಮೂಲದಂಥದೇ ಡಬ್ಬಿ ಕೂರಿಸಿದೆವು. ಹಿಂದೆ ತೂತುಪೈಪಿನ ಸುತ್ತ ಗ್ಲಾಸ್‌ವೂಲ್ ತುಂಬಿದ ನೇರದಾರಿಯ ಡಬ್ಬಿ. ಇದು ಚೂಪಾದ ಸ್ವರಗಳನ್ನು ಹೀರಿಕೊಂಡು ಮಂದ್ರವನ್ನು ಬಿಟ್ಟುಕೊಡುತ್ತದೆ. ಪೂರ್ತಿ ಬೆಸೆಯುವ ಮುನ್ನ ಕ್ಲ್ಯಾಂಪ್ ಮಾತ್ರ ಬಿಗಿದು ಮಾಲೀಕರನ್ನೇ ಕೂರಿಸಿಕೊಂಡು ಹೆದ್ದಾರಿಗೆ ಹೋಗಿಬಂದೆವು. ನಿಂತ ಗಾಡಿಯನ್ನು ರೇಸ್ ಮಾಡಿಸಿ ಸದ್ದು ಒಪ್ಪಿಕೊಳ್ಳುವವರು ಮೋಸಹೋಗುತ್ತಾರೆ. ಪೈಪನ್ನು ಬಾಡಿಗೆ ಬಿಗಿಯಾಗಿ ಬೋಲ್ಟ್ ಹಾಕದೆ ರಬ್ಬರಿನಲ್ಲೇ ತೂಗುಹಾಕಿ, ಹಂಪ್‌ಗೆ ತಾಗದಷ್ಟು ಮೇಲಕ್ಕೆತ್ತಿ.

ಹೊಗೆಯ ದಾರಿ ಬದಲಾದರೆ ಎಸ್‌ಯು ಕಂಪನಿಯ ಕಾರ್ಬುರೇಟರನ್ನೂ ನೋಡಬೇಕು. ಹತ್ತು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ. ತುದಿ ಹಾಲುಕಾಫಿ ಬಣ್ಣಕ್ಕಿದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದುಬಿಡುವ ಸೂಜಿ ಬದಲಿಸಿ. ಇದನ್ನು ಬಿಟ್ಟವರು ವಾಲ್ವು ಸುಟ್ಟುಕೊಂಡು ಬಂದದ್ದನ್ನು ಕಂಡಿದ್ದೇನೆ.

ಕಾನೂನಿನ ಮಾತನ್ನೂ ನಾನು ಮೊದಲೇ ಹೇಳಿಬಿಡುತ್ತೇನೆ. ಶಬ್ದದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. 50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸುವ 2021ರ ನಿಯಮಗಳು ಗಾಡಿ ಮೂಲರೂಪದಲ್ಲಿರಬೇಕು ಎನ್ನುತ್ತವೆ. ಈ ಮಾಲೀಕರ ಹಳೆಯ ಡಬ್ಬಿಗಳು ಆಗಲೇ ಗುಜರಿಗೆ ಹೋಗಿದ್ದವು. ನೀವು ಹಾಗೆ ಮಾಡಬೇಡಿ. ಬಿಚ್ಚಿದ್ದನ್ನು ಎಣ್ಣೆ ಒರೆಸಿ, ಚೀಟಿ ಕಟ್ಟಿ ಅಟ್ಟದ ಮೇಲಿಡಿ. ಕೆಳಪೈಪಿನ ಹಿತ್ತಾಳೆ ನಟ್ಟುಗಳ ಜಾಗಕ್ಕೆ ಉಕ್ಕಿನವನ್ನು ಹಾಕಲು ಯಾರಿಗೂ ಬಿಡಬೇಡಿ. ಅವು ಬಿಸಿಗೆ ಹಿಡಿದುಕೊಂಡು ಮುಂದಿನ ಸಲ ಸ್ಟಡ್ಡನ್ನೇ ಮುರಿಯುತ್ತವೆ. ಐನೂರು ಕಿಲೋಮೀಟರ್ ಆದಮೇಲೆ ಕೆಳಪೈಪಿನ ಆ ಆರೂ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿ.