ಮಳೆಗಾಲ ಬಿಟ್ಟುಹೋಗುವ ಹೊಯ್ಗೆ ದಿಬ್ಬ

ಸರ್ಫಿಂಗ್ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಮೂಲ್ಕಿ, ಸಸಿಹಿತ್ಲು. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಬೇಕಲದವರೆಗಿನ ಕರಾವಳಿಯಲ್ಲೂ ಹೊಸಬರು ಹಲಗೆ ಹಿಡಿದು ಇಳಿಯಬಹುದಾದ ಹೊಯ್ಗೆಯ (ಮರಳಿನ) ತೀರಗಳಿವೆ. ಆದರೆ ವರ್ಷವಿಡೀ ಅಲ್ಲ. ಯಾವ ಬೀಚ್ ಎಂದು ಕೇಳುವ ಮೊದಲು ಯಾವ ತಿಂಗಳು ಎಂದು ಕೇಳಬೇಕು. ಅದಕ್ಕೆ ಉತ್ತರ ಇರುವುದು ನೀರಿನಡಿಯ ಹೊಯ್ಗೆಯಲ್ಲಿ.

ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ, ಮಳೆಗಾಲ ಹತ್ತಿರವಾಯಿತೆನ್ನುವ ತುಳುನಾಡಿನ ದಿನ) ಕಳೆದು ಮಳೆ ಹಿಡಿಯಿತೆಂದರೆ ಕಡಲು ಏಳುತ್ತದೆ. ನೈಋತ್ಯದ ಗಾಳಿ ಅರಬ್ಬೀ ಸಮುದ್ರದ ಮೇಲೆ ವಾರಗಟ್ಟಲೆ ಬಿಡದೆ ಬೀಸುತ್ತದೆ. ಎರಡು, ಮೂರು ಮೀಟರ್ ಎತ್ತರದ ಅಲೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಅಲೆಯ ಎತ್ತರ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಅರ್ಧ ಮೀಟರಿನ ಅಲೆಗಿಂತ ಎರಡು ಮೀಟರಿನ ಅಲೆಯಲ್ಲಿ 16 ಪಟ್ಟು ಶಕ್ತಿ! ಅದು ದಡದ ಹೊಯ್ಗೆಯನ್ನು ಕಿತ್ತು ಒಳಗೆ ಎಳೆದುಕೊಂಡು ಹೋಗುತ್ತದೆ. ಆ ಹೊಯ್ಗೆಯಲ್ಲಿ ಹೆಚ್ಚಿನದು ತುಂಬ ದೂರ ಹೋಗುವುದಿಲ್ಲ. ಅಲೆ ಒಡೆಯುವ ಜಾಗದಲ್ಲೇ, ದಡದ ಉದ್ದಕ್ಕೂ, ನೀರಿನಡಿ ದಿಬ್ಬವಾಗಿ ಕೂರುತ್ತದೆ.

ಈ ದಿಬ್ಬವೇ ಕಲಿಯುವವರ ಭಾಗ್ಯ. ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದ ನೀರಿಗೆ ಬಂದಾಗ ಒಡೆಯುತ್ತದೆ. 60 ಸೆಂಟಿಮೀಟರಿನ ಅಲೆ ಒಡೆಯಲು 80 ಸೆಂಟಿಮೀಟರ್ ನೀರು ಸಾಕು. ಅಕ್ಟೋಬರ್ ಹೊತ್ತಿಗೆ ಅಲೆಗಳು ಸಣ್ಣದಾಗುತ್ತವೆ, ದಿಬ್ಬ ಮಾತ್ರ ಇನ್ನೂ ಕರಗಿರುವುದಿಲ್ಲ. ಆಗ ಅಲೆ ದಡದಿಂದ ದೂರದಲ್ಲೇ, ಸೊಂಟದ ಮಟ್ಟದ ನೀರಿನಲ್ಲಿ ಮೆಲ್ಲಗೆ ನೊರೆ ಚೆಲ್ಲುತ್ತಾ ಒಡೆಯುತ್ತದೆ. ಹಲಗೆಯ ಮೇಲೆ ಎದ್ದು ನಿಲ್ಲಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಬಿದ್ದರೂ ಕೆಳಗೆ ಹೊಯ್ಗೆ. ನನ್ನ ಲೆಕ್ಕದಲ್ಲಿ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ದಿನಗಳಷ್ಟು ಒಳ್ಳೆಯ ಕಾಲ ಬೇರೆ ಇಲ್ಲ.

ಮಳೆಗಾಲದ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವ) ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟುಗಳು ಇಳಿದವಲ್ಲ, ಕಡಲು ಶಾಂತವಾಯಿತು ಎಂದುಕೊಳ್ಳಬೇಡಿ. ಬೋಟು ಹೋಗುವುದು ಆಳದ ನೀರಿಗೆ. ನಾವು ನಿಲ್ಲುವುದು ಅಲೆ ಒಡೆಯುವಲ್ಲಿ.

ದಿಬ್ಬಕ್ಕೆ ಇನ್ನೊಂದು ಮುಖವೂ ಇದೆ. ಅಲೆ ದಿಬ್ಬ ದಾಟಿಸಿ ತಂದ ನೀರು ವಾಪಸ್ ಹೋಗಬೇಕಲ್ವಾ? ದಿಬ್ಬದಲ್ಲಿ ಎಲ್ಲಿ ಸಂದು ಇದೆಯೋ ಅಲ್ಲಿಂದ ನುಗ್ಗಿ ಹೋಗುತ್ತದೆ. ಅದೇ ಸೆಳೆತ. ಸುತ್ತ ನೊರೆ ಇದ್ದು, ನಡುವೆ ಒಂದು ಪಟ್ಟಿ ಮಾತ್ರ ಅಲೆ ಒಡೆಯದೆ ಕಪ್ಪಾಗಿ ಕಂಡರೆ ಅಲ್ಲಿ ಸೆಳೆತ ಇದೆ ಎಂದೇ ತಿಳಿಯಿರಿ. ಶಾಂತವಾಗಿದೆ ಎಂದು ಹೊಸಬರು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆಗೆ ನೇರ ಈಜಿ ಸುಸ್ತಾಗಬೇಡಿ. ಹಲಗೆ ಬಿಡಬೇಡಿ. ದಡದ ಉದ್ದಕ್ಕೆ, ಪಕ್ಕಕ್ಕೆ ಸಾಗಿ. ನೊರೆ ಸಿಕ್ಕ ಮೇಲೆ ಅಲೆಯೇ ನಿಮ್ಮನ್ನು ದಡದತ್ತ ತಳ್ಳುತ್ತದೆ. ಚಂದ್ರಗಿರಿ, ಮೊಗ್ರಾಲ್, ಉಪ್ಪಳ ಹೊಳೆಗಳ ಅಳಿವೆಯ ಹತ್ತಿರ ಇಳಿತದ ಹೊತ್ತಿನಲ್ಲಂತೂ ಹೋಗಲೇಬೇಡಿ.

ಇನ್ನು ಗಾಳಿ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಕಡಲು ಆಗುವುದಿಲ್ಲ. ಹಾಗಾಗಿ ಚಳಿಗಾಲದ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಲೆಯ ಮುಖ ನುಣುಪಾಗಿರುತ್ತದೆ. ಮಧ್ಯಾಹ್ನ ಗಾಳಿ ತಿರುಗಿ ನೀರೆಲ್ಲ ಕದಡುತ್ತದೆ. ಬೇಗ ಏಳಿ, ಅಷ್ಟೇ.

ಜನವರಿ ದಾಟಿದ ಮೇಲೆ ಸಣ್ಣ ಅಲೆಗಳು ದಿಬ್ಬದ ಹೊಯ್ಗೆಯನ್ನು ನಿಧಾನವಾಗಿ ದಡಕ್ಕೆ ತಂದು ಪೇರಿಸುತ್ತವೆ. ಬೀಚ್ ಅಗಲವಾಗಿ ಚಂದ ಕಾಣುತ್ತದೆ. ಆದರೆ ನೀರಿನಂಚು ಕಡಿದಾಗಿ, ಉಬ್ಬರದ ಹೊತ್ತಿನಲ್ಲಿ ಅಲೆ ಕಾಲ ಬುಡದಲ್ಲೇ ದಬ್ಬೆಂದು ಬೀಳುತ್ತದೆ. ಆಗ ನೀರು ಇಳಿದ ಹೊತ್ತು ನೋಡಿ ಹೋಗುವುದು ವಾಸಿ.

ಏಪ್ರಿಲ್, ಮೇ ತಿಂಗಳಲ್ಲಿ ದೂರದ ಅಲೆಗಳು ಜಾಸ್ತಿ. ದಕ್ಷಿಣ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಇಲ್ಲಿಗೆ ಬರುತ್ತವೆ. ಒಂದು ಅಲೆಗೂ ಮುಂದಿನ ಅಲೆಗೂ 15 ಸೆಕೆಂಡ್ ಅಂತರವಿದ್ದರೆ ಆ ಅಲೆಗಳ ಗುಂಪು ದಿನಕ್ಕೆ ಸುಮಾರು 1,000 ಕಿಲೋಮೀಟರ್ ಸಾಗುತ್ತದೆ. ಅಂದರೆ ಒಂದು ವಾರದ ಹಿಂದೆ ಎದ್ದ ಅಲೆಯ ಮೇಲೆ ನೀವು ಇಂದು ನಿಂತಿರುತ್ತೀರಿ. ಎಷ್ಟು ದೊಡ್ಡ ವಿಸ್ಮಯ! ಇದೇ ಅಲೆಗಳು ದೊಡ್ಡದಾಗಿ ಬಂದರೆ ಕಳ್ಳಕ್ಕಡಲ್. ಇಲ್ಲಿ ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ, ಕಡಲು ಮಾತ್ರ ಉಕ್ಕುತ್ತದೆ. 2024ರ ಮಾರ್ಚ್ 31ರಂದು ಕೇರಳದ ದಕ್ಷಿಣ ತೀರದ ಹಲವು ಕಡೆ ಹೀಗೇ ಮನೆಗಳಿಗೆ ನೀರು ನುಗ್ಗಿತು. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇಂಕಾಯಿಸ್ (INCOIS) ಇದಕ್ಕೆ ಮುನ್ಸೂಚನೆ ಕೊಡುತ್ತದೆ. ಅದನ್ನು ನೋಡದೆ ನೀರಿಗಿಳಿಯಬಾರದು.

ನನ್ನನ್ನು ಕಾಡುವುದು ಕಡಲ ಗೋಡೆಗಳ ವಿಷಯ. ಮನೆ, ತೆಂಗಿನ ತೋಟ ಕಣ್ಣೆದುರೇ ಕಡಲು ಸೇರುವಾಗ ಕಲ್ಲು ಹಾಕಿಸಿ ಎಂದು ಕೇಳುವವರ ಸಂಕಟ ನಿಜ. ಆದರೆ ಅಲೆ ಕಲ್ಲಿಗೆ ಬಡಿದು ಹಿಂದೆ ಹೊಡೆಯುತ್ತದೆ, ಗೋಡೆಯ ಬುಡದ ಹೊಯ್ಗೆಯನ್ನೇ ಕೊರೆಯುತ್ತದೆ. ಗೋಡೆಯ ಹಿಂದಿರುವ ಹೊಯ್ಗೆ ಮಳೆಗಾಲದಲ್ಲಿ ಕಡಲಿಗೆ ಸಿಗುವುದಿಲ್ಲ. ದಿಬ್ಬಕ್ಕೆ ಬರುವ ಹೊಯ್ಗೆ ಕಡಿಮೆಯಾಗುತ್ತದೆ, ಮುಂದಿನ ತೀರವೂ ಕರಗುತ್ತದೆ. ಗೋಡೆ ಇಲ್ಲದ ಹೊಯ್ಗೆಯ ತೀರಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅವುಗಳ ಹಿಂದೆ ಹೊಸದಾಗಿ ರೆಸಾರ್ಟು, ರಸ್ತೆ ಕಟ್ಟಲು ಹೊರಡುವವರು ಮೊದಲು ಜುಲೈಯಲ್ಲಿ ಒಮ್ಮೆ ಹೋಗಿ, ಕಡಲು ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿ ಬರಲಿ.